ಓಬಳೇಶಪ್ಪನ ಸಿಳ್ಳೆ

ಭರಮಸಾಗರದ ಓಬಳೇಶಪ್ಪ ಸಿಳ್ಳೆ ಹೊಡೆದರೆ ಸಾಕು, ಕೆರೆಯಂಗಳದಲ್ಲಿ ಚದುರಿ ಮೇಯುತ್ತಿದ್ದ ಅವನ ಎಂಬತ್ತು ಕುರಿಗಳೂ ಮೇವು ಬಿಟ್ಟು ತಿರುಗಿ ಬರುತ್ತಿದ್ದವು. ಬಾಯಿಗೆ ಬೆರಳು ಇಡಬೇಕಿರಲಿಲ್ಲ. ನಾಲಿಗೆಯನ್ನು ಹಲ್ಲಿನ ಹಿಂದೆ ಮಡಚಿ ಊದುವ ವಿದ್ಯೆ, ಅಪ್ಪ ಕಲಿಸಿದ್ದು.

ಯುಗಾದಿ ಕಳೆದ ವಾರ, ಬಗ್ಗಿ ಟಗರಿನ ಕಾಲಿನ ಮುಳ್ಳು ಕೀಳುತ್ತಿದ್ದಾಗ ಅದು ಸರಕ್ಕನೆ ತಲೆ ಎತ್ತಿ ಬಾಯಿಗೆ ಗುದ್ದಿತು. ಮೇಲಿನ ಮುಂದಿನ ಎರಡು ಹಲ್ಲು ಅಂಗೈಗೆ ಬಂದವು. ಗಾಯವೇನೋ ಮಾಯಿತು, ಸಿಳ್ಳೆ ಮಾತ್ರ ಹೋಯಿತು. ಊದಿದರೆ ಬರೀ ಗಾಳಿ. ಕೂಗಿದರೆ ಕುರಿಗಳು ಬೆದರಿ ದಿಕ್ಕಾಪಾಲು ಓಡುತ್ತಿದ್ದವು. ಹೆಂಡತಿ ಏಕಾಂತಮ್ಮ ಒಲೆ ಆರಿಸಿ ಹಿಂಡಿನ ಹಿಂದೆ ಓಡುವಂತಾಯಿತು.

ಒಂದು ಮಧ್ಯಾಹ್ನ ಹಿಂಡು ಸೀದಾ ದಾವಣಗೆರೆ ರಸ್ತೆಗೆ ನುಗ್ಗಿತು. ಲಾರಿಯವನು ಬ್ರೇಕ್ ಒತ್ತಿದ್ದಕ್ಕೆ ಉಳಿದವು.

"ಈ ವಯಸ್ನಾಗೆ ಹಲ್ಲು ಯಾಕೆ ಅಂತ ಕುಂತ್ರೆ ಹಟ್ಟಿ ಖಾಲಿ ಆಗ್ತೈತೆ. ನಡೀರಿ, ದುರ್ಗಕ್ಕೆ ಹೋಗಾಣ" ಎಂದಳು ಏಕಾಂತಮ್ಮ.

ಚಿತ್ರದುರ್ಗದ ಹಲ್ಲಿನ ಡಾಕ್ಟರು ಮೇಘಶ್ರೀ ಇನ್ನೂ ಚಿಕ್ಕ ವಯಸ್ಸಿನವಳು. ಕಥೆಯನ್ನೆಲ್ಲ ಕೇಳಿ ಬಾಯಿ ನೋಡಿದಳು. "ದಿನಾ ತೆಗೆದು ಮತ್ತೆ ಹಾಕ್ಕಳೋ ಹಲ್ಲು ಬ್ಯಾಡ ಯಜಮಾನ್ರೇ, ಊದಿದ್ರೆ ಅಲ್ಲಾಡ್ತವೆ. ಅಕ್ಕಪಕ್ಕದ ಹಲ್ಲು ಗಟ್ಟಿ ಅವೆ. ಅವನ್ನ ತುಸು ತಿಕ್ಕಿ, ಮ್ಯಾಲೆ ಸೇತುವೆ ಥರ ನಾಕು ಹಲ್ಲು ಕೂರಿಸ್ತೀನಿ."

ಅಳತೆ ಕೊಟ್ಟು ಹತ್ತು ದಿನಕ್ಕೆ ಹಲ್ಲು ಬಂದವು. ಕನ್ನಡಿ ನೋಡಿದ ಓಬಳೇಶಪ್ಪನಿಗೆ ತನ್ನ ಮುಖವೇ ನಾಚಿಕೆ ತಂದಿತು, ಅಷ್ಟು ಚಂದ. ಊದಿದ. ಫುಸ್ ಎಂದಿತು.

"ಇರ್ಲಿ ಬಿಡ್ರಿ ಡಾಕ್ಟ್ರಮ್ಮ, ನೋಡಾಕೆ ಚಂದಾಗವೆ" ಎಂದು ಕುರ್ಚಿಯಿಂದ ಎದ್ದ.

"ನೀವು ಚಂದಕ್ಕೆ ಬಂದೋರಲ್ಲ. ಕುಂತ್ಕಳ್ರಿ."

ಅವಳು ಹಲ್ಲನ್ನು ಗಟ್ಟಿಯಾಗಿ ಅಂಟಿಸಿರಲಿಲ್ಲ. ತೆಗೆದು ಹಿಂಬದಿ ಉಜ್ಜಿದಳು, ಮತ್ತೆ ಇಟ್ಟಳು. ಫುಸ್. ಮೂರು ಸಲ ಹಾಗೇ ಆಯಿತು. ಹಲ್ಲು ದಪ್ಪವಾಯಿತೆಂದು, ತೆಳ್ಳಗೆ ಬೇರೆ ಮಾಡಿಸುವೆನೆಂದು ಗುರುವಾರ ಬರಹೇಳಿದಳು. ದುಡ್ಡಿನ ಮಾತೆತ್ತಲಿಲ್ಲ.

ಗುರುವಾರ ಹೊಸ ಹಲ್ಲು ಇಟ್ಟು, ಅವನೆದುರೇ ಸ್ಟೂಲು ಎಳೆದುಕೊಂಡು ಕುಳಿತು, ನಾಲಿಗೆ ಎಲ್ಲಿ ತಾಗುತ್ತದೆಂದು ನೋಡಿ ನೋಡಿ, ಅಂಚಿನಲ್ಲಿ ಕೂದಲೆಳೆಯಷ್ಟು ತೆಗೆದಳು. "ಊದ್ರಿ ಈಗ."

ಸಿಳ್ಳೆ ಗೋಡೆ ಸೀಳುವಂತೆ ಬಂತು! ಹೊರಗೆ ಕಾಯುತ್ತಿದ್ದವರು ಎದ್ದು ನಿಂತರು. ಓಬಳೇಶಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಗಂಡ ಹೆಂಡತಿ ಬಲವಂತ ಮಾಡಿ ಅವಳನ್ನು ಆ ಭಾನುವಾರವೇ ಊರಿಗೆ ಕರೆಸಿಕೊಂಡರು. ಕೆರೆ ಏರಿಯ ಮೇಲೆ ನಿಂತು ಅವನು ಸಿಳ್ಳೆ ಹಾಕಿದ. ಅಂಗಳದ ತುಂಬ ಹರಡಿದ್ದ ಹಿಂಡು ಧೂಳೆಬ್ಬಿಸುತ್ತ ಅವರತ್ತ ಬಂತು. ಅವನು ಮೇಘಶ್ರೀಯತ್ತ ತಿರುಗಿ ಕೈ ಮುಗಿದ.

"ಇವ್ರಿಗೆ ಮಾತು ಬರಲ್ಲ, ನಾನೇ ಹೇಳ್ತೀನಿ" ಎಂದಳು ಏಕಾಂತಮ್ಮ. "ನಾಕು ತಿಂಗ್ಳಾದ ಮ್ಯಾಲೆ ಇವತ್ತು ನಿಧಾನಕ್ಕೆ ಒಲೆ ಮುಂದೆ ಕುಂತು ಅಡಿಗೆ ಮಾಡೀನಿ ಡಾಕ್ಟ್ರಮ್ಮ. ಬರ್ರಿ, ಉಂಡು ಹೋಗಿರಂತೆ."