ಹುಲಿಗೆವ್ವನ ಹೊಲದ ಮಣ್ಣು

ಇಂಡಿ ಊರಿನ ನಮ್ಮ ಮಣ್ಣು ಪರೀಕ್ಷೆಯ ಲ್ಯಾಬಿನ ಬಾಗಿಲಿಗೆ ‘ಸಂಘಮಿತ್ರಾ, ಕೆಮಿಸ್ಟ್’ ಎಂಬ ಬೋರ್ಡು ಹಾಕಿದ ದಿನದಿಂದ ನನಗೆ ನೆಮ್ಮದಿಯಿಲ್ಲ. ಕೆಮ್ಮಿಗೆ ಔಷಧ ಕೇಳುವವರು ಬರುತ್ತಾರೆ, ಮೊಣಕಾಲು ನೋವಿಗೆ ಮುಲಾಮು ಕೇಳುವವರು ಬರುತ್ತಾರೆ. ನನ್ನ ಸೋದರಮಾವನ ಪ್ರಕಾರ ಕೆಮಿಸ್ಟ್ ಎಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ನೋಡಿ ತಲೆಯಾಡಿಸುವ ಸಾಹೇಬ; ಹೆಂಗಸರು ಆ ಲೆಕ್ಕಕ್ಕೇ ಬರುವುದಿಲ್ಲ. ಯಾವುದರೊಳಗೆ ಏನಿದೆ ಎಂದು ಹುಡುಕುವವಳು ನಾನು ಎಂದು ಎಲ್ಲರಿಗೂ ಹೇಳುತ್ತೇನೆ. ಕೇಳಿಸಿಕೊಂಡು, ತಲೆದೂಗಿ, ಮತ್ತೆ ಮುಲಾಮು ಕೇಳುತ್ತಾರೆ.

ಎಳ್ಳಮಾವಾಸ್ಯೆ ಮುಗಿದ ವಾರ ಮೋರಟಗಿಯ ಹುಲಿಗೆವ್ವ ಬಂದಳು. ಅವಳು ಮುಲಾಮು ಕೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಸೇರಿನಷ್ಟು ಮಣ್ಣನ್ನು ನನ್ನ ಮೇಜಿನ ಮೇಲೆ ಸುರಿದಳು.

“ಚೊಲೊತ್ನಂಗ ನೋಡವಾ. ನನ್ನ ಹೊಲ ಉಳಿಯೂದು ಇದರ ಮ್ಯಾಲ ಐತಿ,” ಎಂದಳು.

ಗಂಡ ತೀರಿದ ಮೇಲೆ ಆ ಹೊಲವನ್ನು ಒಬ್ಬಳೇ ಉತ್ತು ಬಿತ್ತಿ ಉಳಿಸಿಕೊಂಡವಳು. ಅದರಲ್ಲಿ ಲಿಂಬೆ ಹಚ್ಚಬೇಕೆಂಬುದು ಅವಳ ಆಸೆ. ಮೈದುನ ರಾವಸಾಬನಿಗೆ ಮೇಲ್ಮಣ್ಣು ಕೆತ್ತಿ ಇಟ್ಟಿಗೆ ಭಟ್ಟಿಗೆ ಸಾಗಿಸುವ ಆತುರ. ಜಗಳ ಹರಿಯದಿದ್ದಾಗ ಊರ ಹಿರಿಯರು ಕೂತು ತೀರ್ಮಾನ ಕೊಟ್ಟಿದ್ದರು: ಲ್ಯಾಬಿನವರು ಒಳ್ಳೆಯ ಮಣ್ಣು ಎಂದರೆ ಲಿಂಬೆ, ಸವಳು ಎಂದರೆ ಭಟ್ಟಿ. ಸವಳು ಎಂದರೆ ಕ್ಷಾರವೇರಿ ಕೆಟ್ಟುಹೋದ ನೆಲ. ಮೇಲ್ಮಣ್ಣು ಒಮ್ಮೆ ಲಾರಿ ಹತ್ತಿತೆಂದರೆ ಅವಳ ಕಾಲದಲ್ಲಿ ಅಲ್ಲಿ ಮತ್ತೆ ಬೆಳೆ ಏಳುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಣ್ಣನ್ನು ನೀರಿನಲ್ಲಿ ಕದಡಿ ಕ್ಷಾರ ಅಳೆಯುವ ಮೀಟರ್ ಇಳಿಸಿದೆ. ಅಂಕಿ ಹತ್ತರ ಮೇಲೆ ಹೋಗಿ ನಿಂತಿತು. ಅಷ್ಟು ಕ್ಷಾರದಲ್ಲಿ ಲಿಂಬೆ ಇರಲಿ, ಜಾಲಿಯೂ ಅಳುತ್ತದೆ.

“ಸವಳು ಅಂತ ಬರದು ಮುಗಿಸವಾ. ರಾವಸಾಬಂದು ಎರಡ ಸಲ ಫೋನ್ ಬಂತು. ನಾಳೆ ಜೆಸಿಬಿ ಇಳಸ್ತಾನಂತ,” ಎಂದರು ಲ್ಯಾಬಿನ ಮಾಲೀಕ ಮಡಿವಾಳಪ್ಪನವರು.

“ಇನ್ನೊಂದು ಪರೀಕ್ಷೆ ಉಳದೈತ್ರಿ.”

“ಮಷೀನ್ ಸುಳ್ಳು ಹೇಳತೈತೇನು?”

“ನಾವು ಕೊಟ್ಟಿದ್ದನ್ನ ಅಷ್ಟ ಹೇಳತೈತ್ರಿ,” ಎಂದೆ. ಅವರ ಮುಖ ಗಂಟಾಯಿತು. ಆಗಲಿ ಎಂದು ಬಿಟ್ಟೆ.

ನಮ್ಮ ಕಡೆಯ ಸವಳು ನೆಲದಲ್ಲಿ ಸೋಡಿಯಂ ತುಂಬಿರುತ್ತದೆ. ಈ ಮಣ್ಣಿನಲ್ಲಿ ಹುಡುಕಿದರೂ ಸೋಡಿಯಂ ಇಲ್ಲ, ಸುಣ್ಣ ಮಾತ್ರ ಬೇಕಾದಷ್ಟು. ಹೊಲದ ಮಣ್ಣು ಹೀಗಿರಲು ಸಾಧ್ಯವೇ ಇಲ್ಲ. ಜರಡಿ ಹಿಡಿದಾಗ ಮೇಲೆ ಉಳಿದ ಕಸವನ್ನು ಮತ್ತೆ ನೋಡಿದೆ. ಅದರಲ್ಲಿ ಕುಂಕುಮ ಅಂಟಿದ ಹರಳೂ ಸಜ್ಜೆ ಕಡುಬಿನ ಒಣಗಿದ ಚೂರೂ ಇದ್ದವು.

“ಯವ್ವಾ, ಈ ಮಣ್ಣು ಎಲ್ಲಿಂದ ತಗದಿ?” ಎಂದು ಹೊರಗೆ ಕಾದಿದ್ದ ಹುಲಿಗೆವ್ವನನ್ನು ಕೇಳಿದೆ.

“ಬನ್ನಿ ಗಿಡದ ಬುಡದಿಂದ. ಎಳ್ಳಮಾಸಿಗೆ ಐದು ಕಲ್ಲು ಪೂಜಿ ಮಾಡಿದ್ನಲ್ಲಾ, ಅಲ್ಲಿಂದ. ಹೊಲದಾಗ ಅದಕ್ಕಿಂತ ಚೊಲೋ ಜಾಗ ಯಾವುದೈತಿ?” ಎಂದಳು ಹೆಮ್ಮೆಯಿಂದ.

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಕೇಳಿದರೆ, ಆ ಐದು ಕಲ್ಲುಗಳಿಗೆ ಹಬ್ಬದ ಹಿಂದಿನ ದಿನ ಹುಲಿಗೆವ್ವ ತಾನೇ ಕೈಯಾರೆ ಸುಣ್ಣ ಬಳಿದಿದ್ದಳಂತೆ. ಭೂಮಿತಾಯಿಯನ್ನು ಪರೀಕ್ಷೆಗೆ ಕಳಿಸುವಾಗ ಅವಳ ಪಾದದ ಮಣ್ಣನ್ನೇ ಆರಿಸಿದ್ದಳು. ಭಕ್ತಿಯೇ ಅವಳ ಹೊಲಕ್ಕೆ ಕುತ್ತಾಗಿತ್ತು.

ಮರುದಿನ ಬೆಳಗಿನ ಬಸ್ಸಿಗೆ ಸಿಂದಗಿ ಹಾಯ್ದು ಮೋರಟಗಿಗೆ ಹೋದೆ. ಹೊಲದ ಬದುವಿನಲ್ಲಿ ಜೆಸಿಬಿ ಆಗಲೇ ನಿಂತಿತ್ತು. ಪಕ್ಕದಲ್ಲಿ ರಾವಸಾಬ.

“ರಿಪೋರ್ಟ್ ತಂದೀರೇನ್ರಿ?” ಎಂದ.

“ಇಲ್ಲೇ ಮಾಡ್ತೇನಿ, ನೋಡ್ರಿ,” ಎಂದೆ.

ಹಿರಿಯರನ್ನೂ ಕರೆಸಿದೆ. ಹೊಲದ ತುಂಬ ಅಡ್ಡಾದಿಡ್ಡಿ ನಡೆದು, ಗೇಣುದ್ದ ಕುಣಿ ತೋಡಿ, ಅಲ್ಲಲ್ಲಿಯ ಮಣ್ಣನ್ನು ಬುಟ್ಟಿಯಲ್ಲಿ ಬೆರೆಸಿದೆ. ಒಂದು ಲೋಟದಲ್ಲಿ ಆ ಮಣ್ಣು, ಇನ್ನೊಂದರಲ್ಲಿ ಬನ್ನಿಯ ಬುಡದ್ದು. ಎರಡಕ್ಕೂ ತಂದಿದ್ದ ಶುದ್ಧ ನೀರು ಹಾಕಿ ಕಿಸೆ ಮೀಟರನ್ನು ರಾವಸಾಬನ ಕೈಗೇ ಕೊಟ್ಟೆ.

ಕಲ್ಲಿನ ಮಣ್ಣಿಗೆ ಇಳಿಸಿದ. ಹತ್ತು ದಾಟಿತು. ಅವನ ಮೀಸೆ ಅರಳಿತು. ಮೀಟರ್ ತೊಳೆಸಿ ಇನ್ನೊಂದು ಲೋಟಕ್ಕೆ ಇಳಿಸೆಂದೆ. ಅಂಕಿ ಜಾರುತ್ತಾ ಬಂದು ಎಂಟರ ಕೆಳಗೆ ನಿಂತಿತು. ಅವನು ಮೀಟರನ್ನು ಅಲುಗಾಡಿಸಿದ, ಒರೆಸಿದ, ಮತ್ತೆ ಅದ್ದಿದ. ಅದು ಅಲ್ಲೇ ನಿಂತಿತ್ತು.

“ಲಿಂಬಿಗೆ ಬರತೈತಿ. ಕಲ್ಲಿನ ಬುಡದಾಗಿದ್ದದ್ದು ಹಬ್ಬದ ಸುಣ್ಣ, ಹೊಲದ ಸವಳಲ್ಲ. ಪೂರ್ತಿ ರಿಪೋರ್ಟ್ ಸಹಿ ಹಾಕಿ ಕಳಸ್ತೇನಿ,” ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಹಿರಿಯರಲ್ಲೊಬ್ಬರು ಗೈಬುಸಾಬ. ಅವರು ಎದ್ದು ಧೋತರದ ಧೂಳು ಕೊಡವಿದರು.

“ಮುಗೀತಲ್ಲ ರಾವಸಾಬ. ಕೊಟ್ಟ ಮಾತು ಕೊಟ್ಟ ಮಾತು.”

ರಾವಸಾಬ ಮೀಟರನ್ನು ನನ್ನ ಕೈಗಿಟ್ಟು ಜೆಸಿಬಿ ಡ್ರೈವರನಿಗೆ ತಿರುಗಿಸು ಎಂದು ಸನ್ನೆ ಮಾಡಿದ. ಇಂಜಿನ್ ಗುಡುಗಿತು. ಅಷ್ಟರಲ್ಲಿ ಹುಲಿಗೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಮುಂದೆ ಹೋಗಿ ನಿಂತಳು.

“ಎಲ್ಲಿಗಿ ಹೊಂಟಿಯೋ ತಮ್ಮಾ? ಇವತ್ತಿನ ಬಾಡಗಿ ನನ್ನ ಮೈದುನ ಕೊಟ್ಟಾನ. ಬಾ, ಇಲ್ಲಿಂದ ಸುರು ಮಾಡು,” ಎಂದು ಹಿಮ್ಮಡಿಯಿಂದ ನೆಲದ ಮೇಲೆ ಗೆರೆ ಎಳೆದಳು. “ಲಿಂಬಿ ಸಸಿಗೆ ಗುಂಡಿ ತಗೀಬೇಕು.”