ಎಡಭಾಗದ ನಲವತ್ತೇಳನೇ ಕುರ್ಚಿ

ಉನ್‌ಗೋಕ್ ಮಹಿಳಾ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಹೆಸರು ಕೂಗಿ ಹಾಜರಿ ಹಾಕುವುದಿಲ್ಲ. ಪ್ರತಿ ಹುಡುಗಿಗೂ ಅವಳದೇ ಒಂದು ಕುರ್ಚಿ. ಬುಧವಾರ ಹನ್ನೊಂದು ಗಂಟೆಗೆ ನಾನು ಬಾಲ್ಕನಿಯಲ್ಲಿ ಕೂತು, ಕುರ್ಚಿಗಳ ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು, ಖಾಲಿ ಕಂಡದ್ದಕ್ಕೆ ಕೆಂಪು ಗೀಟು ಎಳೆಯುತ್ತೇನೆ. ಬೈಬಲ್ಲಿನ ಕೀರ್ತನೆಯನ್ನು ಪಾದ್ರಿಗಳು ಒಂದು ಸಾಲು, ಸಭೆ ಒಂದು ಸಾಲು ಓದುವುದು ರೂಢಿ. ಆ ಓದು ಮುಗಿಯುವುದರೊಳಗೆ ಕೂತಿರಬೇಕು. ಆಮೇಲೆ ಬಂದವಳು ಬಾರದವಳೇ. ಸೆಮಿಸ್ಟರಿನಲ್ಲಿ ನಾಲ್ಕು ಗೀಟು ಬಿದ್ದರೆ ಪ್ರಾರ್ಥನೆಯಲ್ಲಿ ಫೇಲು. ಉಳಿದದ್ದರಲ್ಲೆಲ್ಲ ಪಾಸಾಗಿದ್ದರೂ ಪದವಿ ಇಲ್ಲ. ಇನ್ನೊಂದು ಸೆಮಿಸ್ಟರ್ ಬರಬೇಕು.

ಡಿಸೆಂಬರಿನ ಕೊನೆಯ ಪ್ರಾರ್ಥನೆಯ ಹೊತ್ತಿಗೆ ಇನ್‌ಹ್ವಾಳ ಕುರ್ಚಿಯ ಮೇಲೆ ಮೂರು ಗೀಟುಗಳಿದ್ದವು.

ಇನ್‌ಹ್ವಾ ನಮ್ಮ ವಸ್ತ್ರ ಮತ್ತು ಬಣ್ಣಗಾರಿಕೆ ವಿಭಾಗದ ಕೊನೆಯ ವಿದ್ಯಾರ್ಥಿನಿ. ಜಪಾನಿಯರ ಆಳ್ವಿಕೆಯ ಕಾಲದಲ್ಲಿ ಒಬ್ಬ ವಿಧವೆ ಏಳು ಹುಡುಗಿಯರನ್ನು ಕೂರಿಸಿಕೊಂಡು ಹೊಲಿಗೆ, ಲೆಕ್ಕ, ಬೈಬಲ್ ಕಲಿಸಿದ ಕೋಣೆಯೇ ಮುಂದೆ ಈ ಕಾಲೇಜಾಯಿತು. ಹೊಲಿಗೆಯ ಬೆನ್ನಿಗೆ ಶಿಕ್ಷಕಿಯರ ತರಬೇತಿ, ಯುದ್ಧ ಮುಗಿದ ಮೇಲೆ ನರ್ಸಿಂಗ್, ಆಮೇಲೆ ಶಿಶುಶಿಕ್ಷಣ, ಗೃಹವಿಜ್ಞಾನ, ಕಂಪ್ಯೂಟರ್ ಬಂದವು. ಈಗ ಸಾಕುಪ್ರಾಣಿ ಆರೈಕೆ ಬಂದಿದೆ. ಎಲ್ಲಕ್ಕೂ ಹಿರಿಯದಾದ ನಮ್ಮ ವಿಭಾಗಕ್ಕೆ ಮೂರು ವರ್ಷದ ಹಿಂದೆ ಪ್ರವೇಶ ನಿಂತಿತು. ಕೊನೆಯ ತಂಡದವರೆಲ್ಲ ಬೇರೆ ವಿಭಾಗಗಳಿಗೆ ಹಾರಿಕೊಂಡರು. ಇನ್‌ಹ್ವಾ ಒಬ್ಬಳು ಉಳಿದಳು. ದಾಖಲೆಯಲ್ಲಿ ಒಬ್ಬ ವಿದ್ಯಾರ್ಥಿನಿ ಇರುವ ತನಕ ವಿಭಾಗ ಮುಚ್ಚುವಂತಿಲ್ಲ. ಅವಳು ಫೆಬ್ರುವರಿಯಲ್ಲಿ ಪದವಿ ಪಡೆದರೆ ಮಾರ್ಚಿಗೆ ನಮ್ಮ ಬಣ್ಣದ ಕೋಣೆಯಲ್ಲಿ ನಾಯಿಗಳ ಸ್ನಾನದ ತೊಟ್ಟಿ.

ನಾನು ಆ ವಿಭಾಗದ ಗುಮಾಸ್ತೆ. ಹಿಂದೆ ಅಲ್ಲಿಯೇ ಮೂರು ವರ್ಷ ಓದಿದ್ದೆ. ಅಮ್ಮ ಹಾಸಿಗೆ ಹಿಡಿದಾಗ ಬಿಟ್ಟೆ. ಅಮ್ಮ ಹೋದ ಮೇಲೆ ಕೆಲಸಕ್ಕೆಂದು ಮರಳಿದೆ.

ಆ ಕೊನೆಯ ಪ್ರಾರ್ಥನೆಯ ಹಿಂದಿನ ದಿನ ನಾವು ಮೂವರೂ ಬಣ್ಣದ ಕೋಣೆಯಲ್ಲಿದ್ದೆವು. ವಿಭಾಗದಲ್ಲಿ ಉಳಿದಿದ್ದ ಒಬ್ಬರೇ ಅಧ್ಯಾಪಕಿ ನಾಮ್‌ಗುಂಗ್ ಮೇಡಂ, ಬೆಚ್ಚಗಿಟ್ಟು ಹುಳಿಬರಿಸುವ ನೀಲಿ ಬಣ್ಣದ ಜಾಡಿಗೆ ಹೊದಿಸಿದ್ದ ರಜಾಯಿಯನ್ನು ಸರಿಸಿ ಒಳಗೆ ಮೂಗಿಟ್ಟು ನೋಡುತ್ತಿದ್ದರು. ನಿವೃತ್ತಿಗೆ ಇನ್ನು ಎರಡು ವರ್ಷವಿದ್ದವರು. ಆ ವಾರ ಕೂತಲ್ಲಿ ಕೂತಿರಲಿಲ್ಲ.

"ಅಕ್ಕಾ, ನಾಳೆ ನಾನು ಬರಲ್ಲ," ಎಂದಳು ಇನ್‌ಹ್ವಾ. "ಗೀಟು ಹಾಕ್ಬಿಡಿ. ಆರು ತಿಂಗಳು ತಾನೇ?"

"ನಾಜು ಪಟ್ಟಣದ ಮ್ಯೂಸಿಯಂನವರು ಆರು ತಿಂಗಳು ಕಾಯ್ತಾರಾ?" ಎಂದೆ. "ಮಾರ್ಚ್ ಒಂದಕ್ಕೆ ಬಾ ಅಂದಿದಾರೆ. ಹಳೇ ಬಟ್ಟೆ ರಿಪೇರಿ ಮಾಡೋ ಕೆಲಸ ಬೇಕು ಅಂತ ಎರಡನೇ ವರ್ಷದಿಂದ ಬಡ್ಕೋತಿದ್ದೆಯಲ್ಲೇ!"

"ಈ ಜಾಡಿಗೆ ಹದಿನೆಂಟು ವರ್ಷ. ನಾನು ಪಾಸಾದೆ ಅಂತ ಚರಂಡಿಗೆ ಚೆಲ್ತಾರೆ. ಅದನ್ನ ನೋಡ್ಕೊಂಡು ಹೋಗ್ಲಾ?"

ನಾನು ಮೇಡಂ ಮುಖ ನೋಡಿದೆ. ಅವರು ಜಾಡಿಯಿಂದ ತಲೆ ಎತ್ತಲಿಲ್ಲ. "ನನಗೆ ಈ ಕಿವಿ ಸರಿಯಾಗಿ ಕೇಳ್ಸಲ್ಲ," ಎಂದರು. ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಆ ಗೀಟು ನನಗೂ ಬೇಕಾಗಿತ್ತು.

ಬುಧವಾರ ಬಾಲ್ಕನಿಯಿಂದ ಕೆಳಗೆ ನೋಡಿದೆ. ಇನ್‌ಹ್ವಾಳ ಕುರ್ಚಿ, ಎಡಭಾಗದ ನಲವತ್ತೇಳು, ಖಾಲಿ. ಪಾದ್ರಿಗಳು ಕೀರ್ತನೆ ಶುರು ಮಾಡಿದರು. ಅಜ್ಜಿ ಮುಂಜಾವಿನ ಪ್ರಾರ್ಥನೆಗೆ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾ ದಾರಿಯುದ್ದಕ್ಕೂ ಹೇಳುತ್ತಿದ್ದ ಕೀರ್ತನೆ ಅದು. ಒಂದು ಸಾಲು ಅವಳು ಹೇಳಿ ಸುಮ್ಮನಾಗುವಳು. ಮುಂದಿನದನ್ನು ನಾನು ಹೇಳದಿದ್ದರೆ ಹೆಜ್ಜೆ ಮುಂದಿಡುತ್ತಿರಲಿಲ್ಲ. ಇನ್ನೆಷ್ಟು ಸಾಲು ಉಳಿದಿವೆ ಎಂದು ನನಗೆ ಪುಸ್ತಕ ನೋಡದೆಯೇ ಗೊತ್ತು.

ಆರು ಸಾಲು ಉಳಿದಿರುವಾಗ ಹಿಂಬಾಗಿಲು ತೆರೆಯಿತು. ಇನ್‌ಹ್ವಾ! ಮೊಣಕೈತನಕ ನೀಲಿ. ಬರುವುದಿಲ್ಲ ಎಂದವಳಿಗೆ ಬಾರದೆ ಇರಲಾಗಲಿಲ್ಲ. ಬಂದವಳಿಗೆ ಕೂರಲೂ ಆಗಲಿಲ್ಲ. ಗೋಡೆಗೆ ಒರಗಿ ನಿಂತು ಮೇಲೆ, ನನ್ನತ್ತ, ನೋಡಿದಳು.

ನಾನು ಪೆನ್ನು ಬಿಟ್ಟು ಮೆಟ್ಟಿಲಿಳಿದು ಓಡಿದೆ. ಈ ಕೆಲಸದ ಹನ್ನೊಂದು ವರ್ಷದಲ್ಲಿ ಓದಿನ ನಡುವೆ ನಾನು ಬಾಲ್ಕನಿ ಬಿಟ್ಟದ್ದು ಅದೇ ಮೊದಲು.

"ನಡಿ," ಎಂದು ಅವಳ ಮಣಿಕಟ್ಟು ಹಿಡಿದೆ.

"ಅಕ್ಕಾ, ಜಾಡಿ..."

"ಜಾಡಿ ನಿನ್ನೊಬ್ಬಳದೇನೇ? ಬಾಯ್ಮುಚ್ಚಿ ಕೂತ್ಕೋ."

ಸಾಲಿನ ಹುಡುಗಿಯರು ಮೊಣಕಾಲು ಸರಿಸಿದರು. ಸಭೆ ಕೊನೆಯ ಸಾಲಿಗೆ ಬಾಯಿ ತೆರೆಯುವಾಗ ಅವಳು ನಲವತ್ತೇಳರಲ್ಲಿ ಕೂತಾಗಿತ್ತು. ನಾನು ಏದುಸಿರಿನಲ್ಲೇ ಆ ಸಾಲು ಹೇಳಿ ಮೇಲೆ ಹೋದೆ. ಬೇರೆ ಇಪ್ಪತ್ತಮೂರು ಗೀಟು ಎಳೆದೆ. ನನ್ನ ಅಂಗೈಯೂ ನೀಲಿಯಾಗಿತ್ತು.

ಮಧ್ಯಾಹ್ನದ ಊಟಕ್ಕೆ ಹೋಗಲಿಲ್ಲ. ವರ್ಷಕ್ಕೆರಡು ಸಲ ನಾನೇ ನೋಟೀಸ್ ಬೋರ್ಡಿಗೆ ಅಂಟಿಸುವ ಕಾಗದವೊಂದಿದೆ: ಅರ್ಧಕ್ಕೆ ಬಿಟ್ಟುಹೋದವರು ತಮ್ಮ ವಿಭಾಗ ಇರುವ ತನಕ ಮರುಪ್ರವೇಶ ಕೇಳಬಹುದು. ಅಂಟಿಸಿದ್ದೆನೇ ಹೊರತು ನನ್ನ ಬಗ್ಗೆ ಎಂದು ಒಮ್ಮೆಯೂ ಓದಿರಲಿಲ್ಲ. ಇನ್‌ಹ್ವಾಳತ್ತ ಮೆಟ್ಟಿಲಿಳಿದು ಓಡುವಾಗ ಅದು ನೆನಪಾಗಿತ್ತು.

ದಾಖಲಾತಿ ಕಚೇರಿಯ ಸೊಲ್ ಅವರು ನಾನು ಕೊಟ್ಟ ಮರುಪ್ರವೇಶದ ಅರ್ಜಿಯನ್ನು ಎರಡು ಸಲ ತಿರುವಿ ನೋಡಿದರು.

"ಅರ್ಜಿ ಹಾಕಿರೋದು ಯಾರ ಮಗಳು?"

"ನಾನೇ."

"ನೀವಾ! ಐವತ್ತಾಯ್ತಲ್ಲಮ್ಮಾ?"

"ನಲವತ್ತೆಂಟು."

"ವಿದ್ಯಾರ್ಥಿನಿಯಾದ್ರೆ ಗುಮಾಸ್ತೆ ಕೆಲಸ ಬಿಡ್ಬೇಕು. ಗೊತ್ತು ತಾನೆ? ಪ್ರಾರ್ಥನೆ ಇನ್ನೂ ಎರಡು ಸೆಮಿಸ್ಟರ್ ಬಾಕಿ ಇದೆ. ಬಾಲ್ಕನಿಗೆ ಯಾರು?"

"ನೀವು ಹೋಗಿ. ನನಗೂ ಗೀಟು ಹಾಕಿ."

ಸಂಜೆ ಮೇಡಂಗೆ ಹೇಳಿದೆ. ಅವರು ಜಾಡಿಗೆ ಹಾಕುವ ಬೂದಿನೀರು ಸೋಸುತ್ತಿದ್ದರು.

"ನಿನ್ನೆ ಆ ಹುಡುಗಿಗೆ ನಾನು ಬೇಡ ಅನ್ನಬೇಕಿತ್ತು," ಎಂದರು. ಆಮೇಲೆ, "ನೀನು ನೇಯ್ಗೆಯಲ್ಲಿ ಫೇಲಾಗಿದ್ದೆ. ಈ ಸಲವೂ ಬಿಡಲ್ಲ, ನೋಡ್ಕೋ," ಎಂದರು.

ಅರ್ಜಿಯ ತೀರ್ಮಾನ ಜನವರಿ ಇಪ್ಪತ್ತಕ್ಕೆ. ಡೀನ್ ಒಪ್ಪಬಹುದು, ಒಪ್ಪದೆಯೂ ಇರಬಹುದು. ಇನ್‌ಹ್ವಾ ನಾಜುವಿನಲ್ಲಿ ಬಾಡಿಗೆ ಕೋಣೆ ಹುಡುಕುತ್ತಿದ್ದಾಳೆ. ದಿನಕ್ಕೆರಡು ಬಾರಿ ನಾನು ಜಾಡಿಯನ್ನು ಕಲಕುತ್ತೇನೆ. ನೊರೆ ಏಳುತ್ತದೆ, ಇಳಿಯುತ್ತದೆ. ನಿನ್ನೆ ಯಾರೂ ಇಲ್ಲದ ಮಂದಿರಕ್ಕೆ ಹೋಗಿ ನಲವತ್ತೇಳರಲ್ಲಿ ಕೂತು ನೋಡಿದೆ. ಅಜ್ಜಿಯ ಮೊದಲ ಸಾಲು ಹೇಳಿ ಸುಮ್ಮನಾದೆ. ಸುಮ್ಮನೆ ಕೂರಲಾಗದೆ ಮುಂದಿನದನ್ನೂ ನಾನೇ ಹೇಳಿದೆ.