ಹಸಿರು ಬಿಲ್ಡ್

ನಮ್ಮ ಕಚೇರಿಯಲ್ಲಿ ಎಲ್ಲರೂ ‘ಪಂಡಿತ’ ಎಂದು ಕರೆಯುವ ಮಹಾನುಭಾವನಿಗೆ ದೇವರಲ್ಲಿ ನಂಬಿಕೆಯಿರಲಿಲ್ಲ, ಕೋಡ್ ಓಡುವ ಮೊದಲೇ ಅದರ ತಪ್ಪು ಹಿಡಿಯುವ ಟೈಪ್ ಚೆಕರಿನಲ್ಲಿತ್ತು. ಆಸ್ಪತ್ರೆಯಲ್ಲಿ ರೋಗಿಗೆ ಔಷಧಿ ಹನಿಸುವ ಪಂಪಿಗೆ ನಾವು ಒಂದು ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುತ್ತಿದ್ದೆವು. ಯಾರಾದರೂ ಮಿಲಿಗ್ರಾಮಿಗೆ ಮಿಲಿಲೀಟರ್ ಕೂಡಿಸಿದರೆ, ಕೋಡನ್ನು ಓಡಬಲ್ಲ ಪ್ರೋಗ್ರಾಮಾಗಿ ಕಟ್ಟುವ ಬಿಲ್ಡ್ ಅಲ್ಲೇ ನಿಲ್ಲಬೇಕು. ಅದಕ್ಕೆಂದೇ ಪಂಡಿತ ಟೈಪ್ ಚೆಕರಿಗೆ ಜೋಡಿಸುವ ಒಂದು ಪ್ಲಗಿನ್ ಬರೆದಿದ್ದ. ಆರು ತಿಂಗಳಿಂದ ಅದು ಒಂದೇ ಒಂದು ತಪ್ಪನ್ನೂ ತೋರಿಸಿರಲಿಲ್ಲ. ಅಂದಮೇಲೆ ಕೋಡಿನಲ್ಲಿ ತಪ್ಪೇ ಇಲ್ಲ ಎಂದು ಅವನು ಬೀಗಿದ. ಹಾಗಾದರೆ ಪರೀಕ್ಷೆ ಮಾಡುವವರು ಯಾಕೆ ಎಂದು ಮ್ಯಾನೇಜರ್ ನಮ್ಮ ಟೆಸ್ಟಿಂಗ್ ಅಕ್ಕನನ್ನು ಕೆಲಸದಿಂದ ತೆಗೆದರು.

ಅಕ್ಕ ಹನ್ನೊಂದು ವರ್ಷದಿಂದ ಇದ್ದವರು. ಪಂಪ್ ಒಮ್ಮೊಮ್ಮೆ ಡೋಸ್ ಜಾಸ್ತಿ ಕೊಡುತ್ತದೆ ಎಂದು ಹೋದ ತಿಂಗಳಷ್ಟೇ ದೂರು ಬರೆದಿದ್ದರು. ಪಂಡಿತ ಅದರ ಕೆಳಗೆ ‘ಟೈಪ್ ಪ್ರಕಾರ ಇದು ಅಸಾಧ್ಯ’ ಎಂದು ಗೀಚಿ ದೂರನ್ನೇ ಮುಚ್ಚಿಹಾಕಿದ್ದ.

ಬೀಳ್ಕೊಡುಗೆಯ ದಿನ ಅಕ್ಕ ಕೇಕ್ ಕತ್ತರಿಸದೆ ಚಾಕು ಕೆಳಗಿಟ್ಟರು. “ಒಂದು ಆಸೆ ಇದೆಯಪ್ಪಾ. ನಿನ್ನ ಪ್ಲಗಿನ್ ತಪ್ಪು ಹಿಡಿಯೋದನ್ನ ಒಂದ್ಸಲ ನೋಡ್ಬೇಕು.”

“ತಪ್ಪಿದ್ರೆ ತಾನೇ ಹಿಡಿಯೋದು?” ಎಂದ ಪಂಡಿತ.

“ನಾನೇ ಒಂದು ಮಾಡಿಕೊಡ್ತೀನಿ, ತಗೋ.”

ಅವನ ಕಂಪ್ಯೂಟರಿನಲ್ಲೇ ಐದು ಮಿಲಿಗ್ರಾಮಿಗೆ ಎರಡು ಮಿಲಿಲೀಟರ್ ಕೂಡಿಸುವ ಒಂದು ಸಾಲು ಬರೆದರು. ಬಿಲ್ಡ್ ಓಡಿತು. ಪರದೆ ಹಸಿರಾಯಿತು, ಅಂದರೆ ತಪ್ಪೇನೂ ಇಲ್ಲ.

ಪಂಡಿತ ಕನ್ನಡಕ ಒರೆಸಿಕೊಂಡ. “ನೀವು ತಪ್ಪನ್ನ ಸರಿಯಾಗಿ ಮಾಡಿಲ್ಲ, ಅಕ್ಕ.”

ಯಾರೋ ಕಿಸಕ್ಕೆಂದರು. ನಾನು ಮಾತ್ರ ನಗಲಿಲ್ಲ, ಯಾಕೆಂದರೆ ಬಿಲ್ಡ್ ನಡೆಸುವ ಟೂಲನ್ನು ನೋಡಿಕೊಳ್ಳುವವಳು ನಾನು. ಆರು ತಿಂಗಳ ಹಿಂದೆ ಭಾಷೆಯ ಹೊಸ ಆವೃತ್ತಿ ಹಾಕಿದಾಗ ಅದು ‘ಪ್ಲಗಿನ್ ಹೊಂದುತ್ತಿಲ್ಲ’ ಎಂದು ದಿನವಿಡೀ ಬಡಬಡಿಸುತ್ತಿತ್ತು. “ಅದರ ಬಾಯಿ ಮುಚ್ಚಿಸು, ತಲೆ ಚಿಟ್ಟುಹಿಡೀತಿದೆ” ಎಂದಿದ್ದ ಪಂಡಿತ. ಪ್ಲಗಿನ್ ಹೊಂದದಿದ್ದರೆ ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗು ಎಂದು ನಾನು ಒಂದು ಸಾಲು ಸೇರಿಸಿದ್ದೆ. ಅಕ್ಕನನ್ನು ತೆಗೆದ ದಿನ ಆ ಸಾಲು ನೆನಪಾಗಿತ್ತು. ನನ್ನ ಕುತ್ತಿಗೆಗೆ ಬಂದೀತೆಂದು ಸುಮ್ಮನಿದ್ದೆ.

“ಪ್ಲಗಿನ್ ಓಡ್ತಾನೇ ಇಲ್ಲ,” ಎಂದೆ. “ಆರು ತಿಂಗಳಿಂದ. ನನಗೆ ಅನುಮಾನ ಇತ್ತು, ಹೇಳಲಿಲ್ಲ.”

ನನ್ನ ಸಾಲು ತೆಗೆದು ಪ್ಲಗಿನ್ನನ್ನು ಹೊಸ ಆವೃತ್ತಿಗೆ ಹೊಂದಿಸಲು ಹಿಡಿದದ್ದು ಹತ್ತೇ ನಿಮಿಷ. ಪರದೆ ಕೆಂಪಾಯಿತು: ನಾನೂರ ಹನ್ನೆರಡು ತಪ್ಪು. ಮೊದಲನೆಯದು ಪಂಡಿತನ ಫೈಲಿನಲ್ಲೇ, ಡೋಸ್ ಲೆಕ್ಕ ಹಾಕುವ ಜಾಗದಲ್ಲಿ.

ಮ್ಯಾನೇಜರ್ ಹಲ್ಲುಗಿಂಜಿದರು. “ಅಕ್ಕ, ಸೋಮವಾರ ಬಂದುಬಿಡಿ. ಆಗಿದ್ದು ಆಗಿಹೋಯ್ತು.”

ಅಕ್ಕ ತಾವು ಬರೆದ ಸಾಲನ್ನು ಅಳಿಸಿ ಬ್ಯಾಗು ಹೆಗಲಿಗೇರಿಸಿದರು. “ನನ್ನ ತಪ್ಪು ನಾನು ತೆಗೆದಿದೀನಿ ಸಾರ್. ಉಳಿದ ನಾನೂರ ಹನ್ನೊಂದು ನಿಮ್ಮವು.”

ಬಾಗಿಲ ಹತ್ತಿರ ನಿಂತು ನನ್ನ ಮುಖ ನೋಡಿದರು. “ನಿಂದು ಆ ಪಟ್ಟೀಲಿ ಬಂದಿಲ್ಲ ಕಣೇ,” ಎಂದು ಹೇಳಿ ಹೊರಟುಹೋದರು.